ನಮ್ಮ ನೀರು ಪಾಸಾತೇನ್ರಿ, ಫೇಲಾತೇನ್ರಿ?

ಬೇಸಿಗೆಯ ಒಂದು ಮಧ್ಯಾಹ್ನ ನಮ್ಮ ಕೇರಿಗೆ ಜೀಪು ಬಂತು. ಇಬ್ಬರು ಇಳಿದರು. ಬೋರಿಂಗು ಹೊಡೆದು ಹೊಡೆದು ಮೊದಲ ನೀರು ಚೆಲ್ಲಿ, ಎರಡು ಪ್ಲಾಸ್ಟಿಕ್ ಬಾಟಲಿ ತುಂಬಿಕೊಂಡರು. ಚೀಟಿ ಅಂಟಿಸಿದರು. ಪಾಳಿ ಹಚ್ಚಿದ್ದ ಹೆಂಗಸರು ಕೊಡ ಹಿಡಿದುಕೊಂಡು ಸರಿದು ನಿಂತಿದ್ದರು. ಐದನೆಯ ಕ್ಲಾಸಿನ ಒಬ್ಬ ಹುಡುಗಿ ಜೀಪಿನ ಬಾಗಿಲು ಹಿಡಿದು ಕೇಳಿದಳು: 'ಸರ, ನಮ್ಮ ನೀರು ಪಾಸಾತೇನ್ರಿ, ಫೇಲಾತೇನ್ರಿ?' ಸಾಹೇಬರು ನಕ್ಕರು. 'ರಿಜಲ್ಟ್ ಬರ್ತದ ಬಿಡವಾ' ಅಂದರು. ಜೀಪು ಹೋಯಿತು.

ಮೂರು ವರ್ಷ ಆಯಿತು. ಹುಡುಗಿ ಪಾಸಾಗಿ ಪಾಸಾಗಿ ಎಂಟನೆಯ ಕ್ಲಾಸಿಗೆ ಬಂದಳು. ನೀರಿನ ರಿಜಲ್ಟು ಬರಲಿಲ್ಲ. ನಾವು ನಾಲ್ಕು ಜನ, ಕೇರಿಯಲ್ಲಿ ಮೊದಲು ಡಿಗ್ರಿ ಮಾಡಿದವರು, ಪಟ್ಟಣದ ಕಚೇರಿಗೆ ಹೋದೆವು. ಈ ಟೇಬಲ್ಲಿಗೆ ಹೋಗಿ ಅಂದರು. ಆ ಟೇಬಲ್ಲಿಗೆ ಹೋದೆವು. ಫೈಲು ಮೇಲಿನ ಕಚೇರಿಗೆ ಹೋಗಿದೆ ಅಂದರು. ಕೊನೆಗೆ ಒಬ್ಬರು ಕನ್ನಡಕ ತೆಗೆದು, 'ಅಲ್ರೀ, ಇದನ್ನ ಕೇಳಾಕ ನೀವ್ಯಾರ್ರೀ?' ಅಂದರು.

'ಕುಡಿಯೋರ್ರೀ' ಅಂದೆವು.

ಆ ಕಚೇರಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಂಥದು ಅದೊಂದೇ ಆಗಿದ್ದರೆ ಬರೆಯುತ್ತಿದ್ದೆವು.

ಗೆಳೆಯರೆ, ಈ ದೇಶದಲ್ಲಿ ನೀರಿನ ಪರೀಕ್ಷೆ ಹೊಸದೇನಲ್ಲ. ಶತಮಾನಗಳಿಂದ ನಡೆದೇ ಇದೆ. ಅದಕ್ಕೆ ಬಾಟಲಿ ಬೇಕಿರಲಿಲ್ಲ, ಚೀಟಿ ಬೇಕಿರಲಿಲ್ಲ, ಪ್ರಯೋಗಶಾಲೆ ಬೇಕಿರಲಿಲ್ಲ. ಹಗ್ಗ ಹಿಡಿದ ಕೈ ಯಾವ ಕೇರಿಯದು ಎಂದು ನೋಡಿದರೆ ಸಾಕು, ಬಾವಿಯ ಗುಣ ಆ ಕ್ಷಣವೇ ಗೊತ್ತಾಗುತ್ತಿತ್ತು. 1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಯಲ್ಲಿ ಬಾಬಾಸಾಹೇಬರು ಬೊಗಸೆಯೆತ್ತಿ ನೀರು ಕುಡಿದರು. ಅವರ ಹಿಂದೆ ಸಾವಿರಾರು ಜನ ಕುಡಿದರು. ದನ ಎಮ್ಮೆ ಕುಡಿದಾಗ ಏನೂ ಆಗದಿದ್ದ ಕೆರೆ ಅವತ್ತು ಕೆಟ್ಟುಹೋಯಿತು. ಊರಿನ ಸವರ್ಣೀಯರು ಸೆಗಣಿ, ಗಂಜಳ, ಹಾಲು, ಮೊಸರು ಸುರಿದು, ಮಂತ್ರ ಹೇಳಿಸಿ ಅದನ್ನು 'ಶುದ್ಧ' ಮಾಡಿಕೊಂಡರು. ಮನುಷ್ಯ ಮುಟ್ಟಿ ಕೆಟ್ಟ ನೀರು ಸೆಗಣಿ ಬಿದ್ದು ಸರಿಹೋಯಿತು. ಇದು ಪುರೋಹಿತಶಾಹಿಯ ರಸಾಯನಶಾಸ್ತ್ರ. ಇದರ ಪ್ರಯೋಗಶಾಲೆಗಳು ಇನ್ನೂ ಮುಚ್ಚಿಲ್ಲ. ನಮ್ಮ ಕಡೆ ಹೋಟೆಲುಗಳ ಹೊರಗಿನ ಗೂಟದಲ್ಲಿ ಬೇರೆ ಲೋಟ ನೇತುಹಾಕಿದ್ದನ್ನು ನಮ್ಮ ಅಪ್ಪಂದಿರು ನೋಡಿದ್ದಾರೆ. ಇವತ್ತು ಅದೇ ಲೋಟ ಪ್ಲಾಸ್ಟಿಕ್ ಆಗಿ ಒಳಗೆ ಬಂದಿದೆ, ಅಷ್ಟೆ.

ಈ ಶಾಸ್ತ್ರಕ್ಕೆ ಸಿಕ್ಕದ ಒಂದು ವಸ್ತು ಇದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ. ಸೋಸಿದರೆ ಹೋಗುವುದಿಲ್ಲ, ಕುದಿಸಿದರೆ ಹೋಗುವುದಿಲ್ಲ. ಮಡಿಯಲ್ಲಿ ತಂದ ಕೊಡದಲ್ಲೂ ಇರುತ್ತದೆ. ಅದು ಆರ್ಸೆನಿಕ್. ನಮ್ಮ ಹಿರಿಯರು ಪಾಷಾಣ ಅನ್ನುತ್ತಿದ್ದುದರ ಒಳಗಿರುವುದು ಅದೇ. ರಸಾಯನಶಾಸ್ತ್ರದವರು ಅದನ್ನು ಪೂರಾ ಲೋಹ ಎಂದು ಒಪ್ಪುವುದಿಲ್ಲ, ಅರೆಲೋಹ ಅನ್ನುತ್ತಾರೆ. (ಅದಕ್ಕೂ ಒಂದು ಜಾತಿಯ ತೊಂದರೆ ಇದೆ ನೋಡಿ.) ನೀರಿನ ವಿಷಗಳ ಲೆಕ್ಕ ಬರೆಯುವಾಗ ಮಾತ್ರ ಸೀಸ, ಪಾದರಸ, ಕ್ಯಾಡ್ಮಿಯಂಗಳ ಪಂಕ್ತಿಯಲ್ಲೇ ಕೂರಿಸುತ್ತಾರೆ.

ಎಷ್ಟಿದ್ದರೆ ವಿಷ? ವಿಶ್ವ ಆರೋಗ್ಯ ಸಂಸ್ಥೆ 1993ರಲ್ಲಿ ಹಾಕಿದ ಗೆರೆ, ಲೀಟರಿಗೆ 10 ಮೈಕ್ರೋಗ್ರಾಂ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಐದು ಸಾವಿರ ಲೀಟರಿನ ಇಪ್ಪತ್ತು ಟ್ಯಾಂಕರು ನೀರಿಗೆ ಒಂದು ಗ್ರಾಂ. ಒಂದು ಚಿಟಿಕೆ. ಇದನ್ನು ಕಣ್ಣು ಕಾಣಬೇಕೆ? ನಾಲಗೆ ಹೇಳಬೇಕೆ?

ನಮ್ಮ ಭಾಗದ ನೆಲದಲ್ಲಿ ಚಿನ್ನ ಇದೆ. ರಾಯಚೂರು ಕಡೆಯ ಹಟ್ಟಿಯ ಹೆಸರು ಎಲ್ಲರಿಗೂ ಗೊತ್ತು. ಸುರಪುರ ಕಡೆಯ ಮಂಗಳೂರು ಎಂಬ ಊರಿನ ಹಳೆಯ ಗಣಿಯ ಹೆಸರು ಅಷ್ಟು ಗೊತ್ತಿಲ್ಲ. (ಕಡಲ ತೀರದ ಮಂಗಳೂರು ಬೇರೆ. ಇದು ಬಿಸಿಲ ಮಂಗಳೂರು.) ಚಿನ್ನ ಇರುವ ಕಲ್ಲಿನಲ್ಲಿ ಬಹಳ ಸಲ ಆರ್ಸೆನೋಪೈರೈಟ್ ಎಂಬ ಖನಿಜವೂ ಇರುತ್ತದೆ. ಕಬ್ಬಿಣ, ಗಂಧಕ, ಆರ್ಸೆನಿಕ್ ಕೂಡಿದ ಖನಿಜ ಅದು. ಕಲ್ಲು ಒಡೆದು, ಅರೆದು, ಚಿನ್ನ ತೆಗೆದುಕೊಂಡ ಮೇಲೆ ಉಳಿದ ಪುಡಿ ಗುಡ್ಡೆಯಾಗಿ ಬೀಳುತ್ತದೆ. ಗಾಳಿ ಬೀಸುತ್ತದೆ, ಮಳೆ ಬರುತ್ತದೆ. ಚಿನ್ನ ಊರು ಬಿಟ್ಟು ಹೋಗುತ್ತದೆ. ಪಾಷಾಣ ಊರಲ್ಲೇ ಉಳಿಯುತ್ತದೆ.

ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಉಳಿದದ್ದು ಅದೇ. ಅಲ್ಲಿ ನಡೆದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. 59 ಕೊಳವೆಬಾವಿಗಳ ನೀರು ನೋಡಿದರು. ನೂರಕ್ಕೆ 79ರಲ್ಲಿ ಆರ್ಸೆನಿಕ್ ಆ 10ರ ಗೆರೆಯನ್ನು ದಾಟಿತ್ತು. ಅತಿ ಹೆಚ್ಚು ಸಿಕ್ಕದ್ದು 303. ಎಂದರೆ ಗೆರೆಯ ಮೂವತ್ತು ಪಟ್ಟು. ಮೇಲ್ಮಣ್ಣಿನ 12 ಮಾದರಿಗಳಲ್ಲಿ ಆರರಲ್ಲಿ ಕಿಲೋ ಮಣ್ಣಿಗೆ ಎರಡು ಗ್ರಾಂಗಿಂತ ಹೆಚ್ಚು ಆರ್ಸೆನಿಕ್ ಇತ್ತು. ಗಣಿಯಿಂದ ಬಂದ ಪುಡಿ ಇದಕ್ಕೆ ಕಾರಣವಿರಬಹುದು ಎಂದು ಬರೆದರು. ಆ ಮಣ್ಣಲ್ಲಿ ಲಂಬಾಣಿ ಮಕ್ಕಳು ಆಡುತ್ತಿದ್ದವು. ಚರ್ಮ ತೋರಿಸಿಕೊಂಡ 181 ಜನರಲ್ಲಿ ನೂರಕ್ಕೆ 58ಕ್ಕೂ ಹೆಚ್ಚು ಮಂದಿಗೆ ಆರ್ಸೆನಿಕ್ ತರುವ ಕಲೆಗಳು, ಗಂಟುಗಳು. 171 ಜನರ ಕೂದಲು ಮತ್ತು ಉಗುರು ತೆಗೆದುಕೊಂಡು ಹೋಗಿ ನೋಡಿದರೆ ಎಲ್ಲದರಲ್ಲೂ ಆರ್ಸೆನಿಕ್ ಹೆಚ್ಚು. ಎಲ್ಲದರಲ್ಲೂ. ಅಲ್ಲಿನ ಹೆಂಗಸರ ಮೂಗಿನಲ್ಲಿ ಗುಲಗಂಜಿ ತೂಕದ ಚಿನ್ನ ಇದ್ದರೆ ಹೆಚ್ಚು. ಉಗುರಿನಲ್ಲಿ ಮಾತ್ರ ಗಣಿಯ ಪಾಲು ಬಂದಿತ್ತು.

ಈ ಲೆಕ್ಕವನ್ನು ನಾವು ಮೊದಲ ಸಲ ಓದಿದಾಗ ಎಷ್ಟೋ ಹೊತ್ತು ಮಾತಾಡಲಿಲ್ಲ. ನಮ್ಮೆಲ್ಲರ ಪದ್ಯಗಳಲ್ಲೂ ನೀರು ಇದೆ. ಕಣ್ಣೀರಾಗಿ ಇದೆ, ಹೊಳೆಯಾಗಿ ಇದೆ, ಕೊಡದ ಹಾಡಾಗಿ ಇದೆ. ಲೀಟರಿಗೆ 303 ಎಂಬ ನೀರು ಒಂದು ಪದ್ಯದಲ್ಲೂ ಇಲ್ಲ. ನಾಚಿಕೆಯಾಯಿತು.

ನಾಚಿಕೆಗಿಂತ ಹೆಚ್ಚಾಗಿ ಸಿಟ್ಟು ಬಂತು. ಯಾಕೆಂದರೆ ಈ ಲೆಕ್ಕದ ಒಳಗೆ ಒಂದು ಮಾತು ಅಡಗಿದೆ. ಇಷ್ಟು ದಿನ ಬಡವರ ನೀರನ್ನು ಪರೀಕ್ಷೆ ಮಾಡಿದ ಯಂತ್ರ ಯಾವುದು? ಬಡವರ ಮೈ. 1983ರಲ್ಲಿ ಕಲ್ಕತ್ತೆಯ ಚರ್ಮವೈದ್ಯ ಕೆ.ಸಿ. ಸಾಹಾ ಅವರು ಪಶ್ಚಿಮ ಬಂಗಾಳದ ಆರ್ಸೆನಿಕ್ಕನ್ನು ಗುರುತಿಸಿದ್ದು ಹಳ್ಳಿಯಿಂದ ಬಂದ ರೋಗಿಗಳ ಅಂಗೈ ಅಂಗಾಲು ನೋಡಿ. ಮೊದಲು ಚರ್ಮ ಹೇಳಿತು, ಆಮೇಲೆ ಬಾಟಲಿ ಹೇಳಿತು. ಎದೆಯ ಮೇಲೆ ಮಳೆಹನಿ ಬಿದ್ದಂತೆ ಕಪ್ಪು ಬಿಳಿ ಚುಕ್ಕೆ ಏಳಬೇಕು, ಅಂಗಾಲು ಗಡಸಾಗಿ ಗಂಟುಕಟ್ಟಬೇಕು, ಕೆಲವರಿಗೆ ಕ್ಯಾನ್ಸರು ಬರಬೇಕು. ಅಲ್ಲಿಯ ತನಕ ವರ್ಷಗಟ್ಟಲೆ ಕುಡಿಯುತ್ತಲೇ ಇರಬೇಕು. ಆಮೇಲೆ ಸರಕಾರ ಹೇಳುತ್ತದೆ, ಈ ನೀರು ಸರಿಯಿಲ್ಲ ಎಂದು. ಗಣಿಯೊಳಗೆ ಕೆಟ್ಟ ಗಾಳಿ ಇದೆಯೇ ಎಂದು ನೋಡಲು ಹಿಂದೆ ಪಂಜರದಲ್ಲಿ ಹಕ್ಕಿ ಒಯ್ಯುತ್ತಿದ್ದರಂತೆ. ನಮ್ಮ ತಾಂಡಾಗಳು, ನಮ್ಮ ಕೇರಿಗಳು ಆ ಪಂಜರಗಳು.

ಈ ಕೆಲಸವನ್ನು ನಮ್ಮ ಮೈಯಿಂದ ಬಿಡಿಸಿ ಬೇರೊಂದು ಜೀವಕ್ಕೆ ವಹಿಸಬಹುದು ಎಂಬುದೇ ನಾವು ಇವತ್ತು ಹೇಳಹೊರಟಿರುವ ವಿಷಯ. ಆ ಜೀವ ಯಾವುದು ಗೊತ್ತೇ? ಮಲದಲ್ಲಿ ಸಿಕ್ಕಿದ ಬ್ಯಾಕ್ಟೀರಿಯಾ.

1885ರಲ್ಲಿ ಥಿಯೋಡೋರ್ ಎಷರಿಷ್ ಎಂಬ ಮಕ್ಕಳ ವೈದ್ಯ ಕೂಸುಗಳ ಮಲವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಈ ಜೀವಿಯನ್ನು ಕಂಡ. ಈಗ ಅದರ ಹೆಸರು ಇ. ಕೊಲೈ. ಜಗದ್ಗುರುಗಳ ಕರುಳಿನಲ್ಲೂ ಇದೆ, ಜಾಡಮಾಲಿಯ ಕರುಳಿನಲ್ಲೂ ಇದೆ. ಇದರ ಕೆಲವು ತಳಿಗಳು ರೋಗ ತರುತ್ತವೆ, ಬಹುಪಾಲು ಸುಮ್ಮನೆ ಇರುತ್ತವೆ. ಪ್ರಯೋಗಶಾಲೆಯಲ್ಲಿ ತಲೆತಲಾಂತರದಿಂದ ಸಾಕಿದ ತಳಿಗಳು ಮನುಷ್ಯನ ಹೊಟ್ಟೆಯಲ್ಲಿ ಬದುಕುವುದನ್ನೇ ಹೆಚ್ಚು ಕಡಿಮೆ ಮರೆತಿವೆ.

ಈ ಬಡಪಾಯಿ ಜೀವಿಗೂ ಆರ್ಸೆನಿಕ್ ವಿಷವೇ. ಆದರೆ ಭೂಮಿಯ ಮೇಲೆ ಆರ್ಸೆನಿಕ್ ನಮಗಿಂತ ಹಳೆಯದು, ಬ್ಯಾಕ್ಟೀರಿಯಾವೂ ಹಳೆಯದು. ಅವುಗಳ ಜಗಳವೂ ಹಳೆಯದು. ಹೀಗಾಗಿ ಬ್ಯಾಕ್ಟೀರಿಯಾ ತನ್ನೊಳಗೆ ಒಂದು ಕಾವಲು ಇಟ್ಟುಕೊಂಡಿದೆ. ಅದರ ವಂಶವಾಹಿಯಲ್ಲಿ, ಅಂದರೆ ಜೀನಿನಲ್ಲಿ, ಒಂದು ಬಾಗಿಲು. ಬಾಗಿಲ ಮೇಲೆ ಒಂದು ಪ್ರೋಟೀನು ಅಗುಳಿಯ ಹಾಗೆ ಕೂತಿರುತ್ತದೆ. ಆರ್ಸೆನಿಕ್ ಒಳಗೆ ಬಂದ ಕೂಡಲೆ ಹೋಗಿ ಆ ಅಗುಳಿಗೆ ಅಂಟುತ್ತದೆ, ಅಗುಳಿ ಕಳಚುತ್ತದೆ, ಬಾಗಿಲು ತೆರೆಯುತ್ತದೆ. ಆಗ ವಿಷವನ್ನು ಹೊರಕ್ಕೆ ದೂಡುವ ಪಂಪು ತಯಾರಾಗುತ್ತದೆ. ವಿಷ ಇಲ್ಲದಾಗ ಪಂಪೂ ಇಲ್ಲ. ದುಂದು ಮಾಡಲು ಅದಕ್ಕೇನು ಜಹಗೀರು ಇದೆಯೆ?

ವಿಜ್ಞಾನಿಗಳು ಮಾಡಿದ್ದು ಇಷ್ಟೆ. ಆ ಬಾಗಿಲ ಹಿಂದೆ ಇನ್ನೊಂದು ಜೀನು ತಂದು ಜೋಡಿಸಿದರು. ಕಡಲಲ್ಲಿ ಬೆಳಗುವ ಬ್ಯಾಕ್ಟೀರಿಯಾಗಳಿವೆ, ಅವುಗಳಿಂದ ತೆಗೆದ ಬೆಳಕಿನ ಜೀನು. ಈಗ ಆರ್ಸೆನಿಕ್ ಬಂದರೆ ಅಗುಳಿ ಕಳಚುತ್ತದೆ, ಬ್ಯಾಕ್ಟೀರಿಯಾ ಬೆಳಗುತ್ತದೆ. ಹೆಚ್ಚು ಬಂದರೆ, ಒಂದು ಮಿತಿಯ ತನಕ, ಹೆಚ್ಚು ಬೆಳಗುತ್ತದೆ. ಬೆಳಕಿನ ಬದಲು ಬಣ್ಣ ಬರುವ ಹಾಗೂ ಜೋಡಿಸಬಹುದು. ಪಾದರಸಕ್ಕೆ ಬೇರೆ ಅಗುಳಿ ಇದೆ, ಸೀಸಕ್ಕೆ ಬೇರೆ ಇದೆ. ತತ್ವ ಅದೇ. ಬ್ಯಾಕ್ಟೀರಿಯಾಗಳನ್ನು ಹೆಪ್ಪುಗಟ್ಟಿಸಿ ಒಣಗಿಸಿ ಚಿಕ್ಕ ಸೀಸೆಯಲ್ಲಿ ಮುಚ್ಚಿ ಇಡುತ್ತಾರೆ. ಬಾವಿಯ ನೀರನ್ನು ಸಿರಿಂಜಿನಿಂದ ಒಳಗೆ ಹಾಕಿದರೆ ಅವು ಎಚ್ಚರಗೊಳ್ಳುತ್ತವೆ. ಒಂದೆರಡು ಗಂಟೆ ಕಾಯಬೇಕು. ಬೆಳಕು ಎಷ್ಟು ಬಂತೆಂದು ಕೈಯಲ್ಲಿ ಹಿಡಿಯುವಂಥ ಒಂದು ಸಣ್ಣ ಯಂತ್ರ ಓದುತ್ತದೆ.

ನಮ್ಮ ಚರ್ಮ ವರ್ಷಗಟ್ಟಲೆ ತೆಗೆದುಕೊಂಡು ಹೇಳುವ ಮಾತನ್ನು ಇದು ಒಂದು ಸಂಜೆಯಲ್ಲಿ ಹೇಳುತ್ತದೆ.

ಇದು ಕಾಗದದ ಮೇಲಿನ ಕನಸು ಎಂದುಕೊಳ್ಳಬೇಡಿ. ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು 2003ರಲ್ಲಿ ಇಂಥ ಬ್ಯಾಕ್ಟೀರಿಯಾಗಳ ವಿಷಯ ಪ್ರಕಟಿಸಿದರು. 2005ರಲ್ಲಿ ವಿಯೆಟ್ನಾಮಿನ ಕೆಂಪು ನದಿ ಮತ್ತು ಮೆಕಾಂಗ್ ನದಿಗಳ ಬಯಲಿನ 194 ನೀರಿನ ಮಾದರಿಗಳ ಮೇಲೆ ಪರೀಕ್ಷಿಸಿದ ವರದಿ ಬಂತು. ಅದೇ 10ರ ಗೆರೆ ಇಟ್ಟು ನೋಡಿದರೆ, ವಿಷ ಇದ್ದೂ ಇಲ್ಲ ಎಂದದ್ದು ನೂರಕ್ಕೆ ಎಂಟು, ಇಲ್ಲದ್ದನ್ನು ಇದೆ ಎಂದದ್ದು ನೂರಕ್ಕೆ ಎರಡು ಚಿಲ್ಲರೆ. ಹೊಲದಲ್ಲಿ ಬಳಸುವ ರಾಸಾಯನಿಕ ಕಿಟ್ಟುಗಳಿಗಿಂತ ಇದು ಬಹಳ ವಾಸಿ. ಆ ಕಿಟ್ಟುಗಳದು ನೂರು ವರ್ಷಕ್ಕೂ ಹಳೆಯ ವಿಧಾನ. ಸತುವಿನ ಪುಡಿಗೆ ಆಮ್ಲ ಹಾಕಿ, ಆರ್ಸೆನಿಕ್ಕನ್ನು ಗಾಳಿಯಾಗಿ ಎಬ್ಬಿಸಿ, ಪಾದರಸದ ಕಾಗದಕ್ಕೆ ತಾಗಿಸಿ ಬಣ್ಣ ನೋಡುವುದು. ಏಳುವ ಗಾಳಿಯೂ ವಿಷ, ಉಳಿಯುವ ಕಾಗದವೂ ವಿಷ. ಒಂದು ವಿಷ ಹುಡುಕಲು ಎರಡು ವಿಷ ಬೇಕು. 2012ರಲ್ಲಿ ಬಾಂಗ್ಲಾದೇಶದ ಆರು ಹಳ್ಳಿಗಳಲ್ಲಿ ನಡೆದ ಪರೀಕ್ಷೆಯ ವರದಿ ಬಂತು. ಬಾವಿಯ ಪಕ್ಕದಲ್ಲೇ ಬ್ಯಾಕ್ಟೀರಿಯಾ ಹೇಳಿದ್ದಕ್ಕೂ ಆಮೇಲೆ ದೊಡ್ಡ ಪ್ರಯೋಗಶಾಲೆ ಹೇಳಿದ್ದಕ್ಕೂ ಸಾಕಷ್ಟು ತಾಳೆಯಾಯಿತು.

ಬಾಂಗ್ಲಾದ ಮಾತು ಬಂದ ಮೇಲೆ ಒಂದು ಕತೆ ಹೇಳಲೇಬೇಕು. ಕೆರೆ ಕುಂಟೆಯ ನೀರು ಕುಡಿದು ಮಕ್ಕಳು ವಾಂತಿಭೇದಿಯಿಂದ ಸಾಯುತ್ತವೆ ಎಂದು ಎಪ್ಪತ್ತರ ದಶಕದಿಂದ ಅಲ್ಲಿ ಲಕ್ಷ ಲಕ್ಷ ಕೊಳವೆಬಾವಿ ಹಾಕಿಸಿದರು. ಒಳ್ಳೆಯ ಮನಸ್ಸಿನಿಂದಲೇ ಹಾಕಿಸಿದರು. ಆಳದ ನೀರಲ್ಲಿ ಆರ್ಸೆನಿಕ್ ಇದೆಯೇ ಎಂದು ಯಾರೂ ನೋಡಲಿಲ್ಲ. 1992ರಲ್ಲಿ ಬ್ರಿಟಿಷ್ ಭೂವಿಜ್ಞಾನ ಸಂಸ್ಥೆ ಅಲ್ಲಿನ ಕೊಳವೆಬಾವಿ ನೀರನ್ನು ಪರೀಕ್ಷೆ ಮಾಡಿತು. ಎಷ್ಟೋ ಧಾತುಗಳನ್ನು ನೋಡಿತು, ಆರ್ಸೆನಿಕ್ಕನ್ನು ನೋಡಲಿಲ್ಲ. ವರದಿಯಲ್ಲಿ ಅದರ ಹೆಸರಿಲ್ಲ. ಆಮೇಲೆ ಕಾಯಿಲೆ ಬಿದ್ದ ಹಳ್ಳಿಗನೊಬ್ಬ ಲಂಡನ್ನಿನ ಕೋರ್ಟು ಮೆಟ್ಟಿಲು ಹತ್ತಿದ. 2006ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅವನ ದಾವೆಯನ್ನು ತಳ್ಳಿಹಾಕಿತು. ಆ ಬಾವಿ ಕುಡಿಯುವವರಿಗೆ ಆ ವರದಿ ಬರೆದವರು ಜವಾಬ್ದಾರರಲ್ಲ ಎಂದಿತು. ನಮ್ಮ ಪಟ್ಟಣದ ಕಚೇರಿಯವರು ಕನ್ನಡಕ ತೆಗೆದು ಹೇಳಿದ್ದನ್ನೇ ಲಾರ್ಡುಗಳು ಲಂಡನ್ನಿನಲ್ಲಿ ಕೂತು ಹೇಳಿದರು.

ನೋಡದೆ ಬಿಟ್ಟದ್ದು ಇಲ್ಲ ಎಂದಾಗುತ್ತದೆ. ಈ ಮಾತನ್ನು ನಮ್ಮ ಬ್ಯಾಕ್ಟೀರಿಯಾದ ವಿಷಯದಲ್ಲೂ ಮರೆಯಬಾರದು. ಶುದ್ಧ ನೀರು ಬಿದ್ದರೆ ಅದು ಬೆಳಗುವುದಿಲ್ಲ. ಸರಿ. ಬ್ಯಾಕ್ಟೀರಿಯಾ ಸತ್ತಿದ್ದರೂ ಬೆಳಗುವುದಿಲ್ಲ. ನಮ್ಮ ಏಪ್ರಿಲ್ ತಿಂಗಳ ಬಿಸಿಲಲ್ಲಿ, ಫ್ರಿಜ್ಜು ಇಲ್ಲದ ಶಾಲೆಯ ಬೀರುವಿನಲ್ಲಿ ಇಟ್ಟ ಸೀಸೆ ಸಾಯಬಹುದು. ನೀರಿನಲ್ಲಿ ಬೇರೆ ಯಾವುದೋ ವಿಷ ಹೆಚ್ಚಾಗಿದ್ದರೆ ಅದರಿಂದಲೂ ಸಾಯಬಹುದು. ಕಬ್ಬಿಣ ಹೆಚ್ಚಿದ್ದ ನೀರು ಗಾಳಿಗೆ ಕೆಂಪಗಾಗಿ ಆರ್ಸೆನಿಕ್ಕನ್ನು ಹಿಡಿದುಕೊಂಡು ತಳಕ್ಕೆ ಕೂರುತ್ತದೆ, ಬ್ಯಾಕ್ಟೀರಿಯಾದ ಬಾಯಿಗೆ ಬರುವುದಿಲ್ಲ. ಅದಕ್ಕೇ ವಿಯೆಟ್ನಾಮಿನಲ್ಲಿ ನೀರಿಗೆ ಮೊದಲು ಆಮ್ಲ ಹಾಕಿ ಹದ ಮಾಡಿಕೊಂಡರು. ಆದ್ದರಿಂದ ಪ್ರತಿ ಸಲವೂ ಪಕ್ಕದಲ್ಲಿ ಇನ್ನೊಂದು ಸೀಸೆ ಇಟ್ಟು, ಅದಕ್ಕೆ ಇಷ್ಟೇ ಎಂದು ಗೊತ್ತಿರುವ ಆರ್ಸೆನಿಕ್ ಹಾಕಿ, ಅದು ಬೆಳಗುತ್ತದೆಯೇ ನೋಡಬೇಕು. ಅದು ಬೆಳಗಿದರೆ ಮಾತ್ರ ಈ ಸೀಸೆಯ ಕತ್ತಲನ್ನು ನಂಬಬೇಕು. ಗಲಾಟೆ ಇಲ್ಲದ ಊರನ್ನು ಶಾಂತ ಗ್ರಾಮ ಎಂದು ಬರೆದುಕೊಳ್ಳುವ ಪೊಲೀಸರಿಗೆ ಈ ಪಾಠ ಹೇಳಿಕೊಡಬೇಕು ಅನ್ನಿಸುತ್ತದೆ. ಸತ್ತವರೂ ಗಲಾಟೆ ಮಾಡುವುದಿಲ್ಲ.

ಈಗ ನಮ್ಮವರದೇ ಆಕ್ಷೇಪಗಳಿಗೆ ಬರೋಣ. ಈ ಬರಹದ ಕರಡನ್ನು ಓದಿದ ಗೆಳೆಯರಲ್ಲಿ ಕೆಲವರು ಸಿಟ್ಟಾದರು. ಕುಲಾಂತರಿ ಬೀಜ ತಂದು ರೈತರ ಕುತ್ತಿಗೆ ಹಿಡಿದ ಬಂಡವಾಳಶಾಹಿಯ ತಂತ್ರವೇ ಇದು, ಇದರ ಪರವಾಗಿ ಹೇಗೆ ಬರೆದಿರಿ ಅಂದರು. ಅವರ ಸಿಟ್ಟು ಸುಳ್ಳಲ್ಲ. 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಮನುಷ್ಯ ಬದಲಾಯಿಸಿದ ಬ್ಯಾಕ್ಟೀರಿಯಾಕ್ಕೆ ಪೇಟೆಂಟು ಕೊಡಬಹುದು ಎಂದು ತೀರ್ಪು ಕೊಟ್ಟಿತು. ಐದು ಜನ ಕೊಡಬಹುದು ಅಂದರು, ನಾಲ್ಕು ಜನ ಕೂಡದು ಅಂದರು. ಆ ಬ್ಯಾಕ್ಟೀರಿಯಾ ತಯಾರಿಸಿದವರು ನಮ್ಮ ಬಂಗಾಳದವರೇ ಆದ ಆನಂದ ಚಕ್ರವರ್ತಿ. ಹಕ್ಕು ಹೋದದ್ದು ಅವರನ್ನು ಕೆಲಸಕ್ಕಿಟ್ಟುಕೊಂಡ ಕಂಪನಿಗೆ. ಎಲ್ಲರ ಕರುಳಿನಲ್ಲಿರುವ ಜೀವಿಗೆ ನಾಳೆ ಯಾರೋ ಬೇಲಿ ಹಾಕುವುದಾದರೆ ನಾವೂ ಬೇಲಿ ಕೀಳಲು ಬರುತ್ತೇವೆ.

ಆದರೆ ಬೀಜದ ಲೆಕ್ಕವನ್ನೇ ಇಲ್ಲಿಗೂ ಹಾಕಬೇಡಿ. ಬೀಜ ಹೊಲಕ್ಕೆ ಬೀಳುತ್ತದೆ, ಹೂವಾಗುತ್ತದೆ, ಗಾಳಿಗೆ ಹಾರುತ್ತದೆ. ಇದು ಮುಚ್ಚಿದ ಸೀಸೆ. ಕೆಲಸ ಮುಗಿದ ಮೇಲೆ ಒಳಗಿರುವುದನ್ನು ಕೊಂದೇ ಎಸೆಯಬೇಕು. ಹಾಗೆ ಮಾಡದೆ ಮೋರಿಗೆ ಚೆಲ್ಲಿದರೆ ತಪ್ಪು, ಅದಕ್ಕೆ ನಿಯಮ ಬೇಕು. ನಿಯಮ ಇದೆ ಕೂಡ. 1986ರ ಪರಿಸರ ಸಂರಕ್ಷಣಾ ಕಾಯಿದೆಯ ಕೆಳಗೆ 1989ರಲ್ಲಿ ಮಾಡಿದ ನಿಯಮಗಳಿವೆ. ವಂಶವಾಹಿ ಬದಲಾಯಿಸಿದ ಸೂಕ್ಷ್ಮಜೀವಿಯನ್ನು ದಿಲ್ಲಿಯ ಸಮಿತಿ ಒಪ್ಪದೆ ಹೊರಗೆ ತರುವಂತಿಲ್ಲ. ಇರಲಿ, ಒಳ್ಳೆಯದೇ. ನಾವು ಕೇಳುವುದು ಒಂದೇ ಪ್ರಶ್ನೆ: ಸೀಸೆಯೊಳಗಿನ ಬ್ಯಾಕ್ಟೀರಿಯಾ ಹೊರಗೆ ಬಂದರೆ ಏನಾದೀತು ಎಂದು ಇಷ್ಟು ಹೆದರುವ ಸರಕಾರ, ಗಣಿಯ ಪುಡಿ ತಾಂಡಾದ ಅಂಗಳಕ್ಕೆ ಬಂದಾಗ ಯಾಕೆ ಹೆದರಲಿಲ್ಲ? ಬ್ಯಾಕ್ಟೀರಿಯಾಕ್ಕೆ ಇರುವಷ್ಟು ಕಾವಲು ಪಾಷಾಣಕ್ಕೆ ಯಾಕಿಲ್ಲ? ಮತ್ತೆ ನಮ್ಮ ಪಟ್ಟಣದ ಗೆಳೆಯರಿಗೆ ಒಂದು ಮಾತು. ನಿಮ್ಮ ಮನೆಯಲ್ಲಿ ಗೋಡೆಗೆ ಫಿಲ್ಟರು ಇದೆ. ಸಕ್ಕರೆ ಕಾಯಿಲೆಯ ನಿಮ್ಮ ತಾಯಿಗೆ ದಿನವೂ ಚುಚ್ಚುವ ಇನ್ಸುಲಿನ್ನು ಎಷ್ಟೋ ವರ್ಷಗಳಿಂದ ಇಂಥದೇ ಬ್ಯಾಕ್ಟೀರಿಯಾ ಅಥವಾ ಯೀಸ್ಟು ತಯಾರಿಸಿಕೊಟ್ಟದ್ದು. ಅದನ್ನು ಯಾರೂ ಸಾಮ್ರಾಜ್ಯಶಾಹಿ ಎಂದು ಎಸೆದದ್ದನ್ನು ನಾವು ನೋಡಿಲ್ಲ.

ಇನ್ನೊಂದು ಕಡೆಯವರು ವಿಜ್ಞಾನದ ಭಕ್ತರು. ಸೀಸೆ ಬಂದರೆ ಎಲ್ಲ ಸರಿಹೋಯಿತು ಎನ್ನುವವರು. ನಮ್ಮ ನಿಜವಾದ ಜಗಳ ಇವರ ಜೊತೆ.

ಬಾಂಗ್ಲಾದಲ್ಲಿ 2000ದಿಂದ 2003ರ ತನಕ ಸುಮಾರು 50 ಲಕ್ಷ ಕೊಳವೆಬಾವಿಗಳನ್ನು ರಾಸಾಯನಿಕ ಕಿಟ್ಟಿನಿಂದ ನೋಡಿದರು. ವಿಷ ಇದ್ದ ಬಾವಿಯ ಬಾಯಿಗೆ ಕೆಂಪು ಬಣ್ಣ, ಇಲ್ಲದ್ದಕ್ಕೆ ಹಸಿರು ಬಣ್ಣ ಬಳಿದರು. ಸುಮಾರು 14 ಲಕ್ಷ ಬಾವಿಗಳು ಕೆಂಪಾದವು. ಓದು ಬರದವರಿಗೂ ತಿಳಿಯುವ ರಿಜಲ್ಟು. ಈ ಬಣ್ಣ ನಮಗೆ ಬಹಳ ಹಿಡಿಸಿತು. ಅಲ್ಲಿ ಕಂಡದ್ದು ಇನ್ನೊಂದು: ಒಂದು ಬಾವಿ ಕೆಂಪು, ಐವತ್ತು ಹೆಜ್ಜೆ ಆಚೆಯ ಬಾವಿ ಹಸಿರು. ಒಂದೇ ಊರು, ಒಂದೇ ನೆಲ, ನೀರು ಬೇರೆ ಬೇರೆ. ಆದ್ದರಿಂದ ವಿಜ್ಞಾನಿಗಳು ಹೇಳಿದ ಪರಿಹಾರ ಬಹಳ ಸರಳ, ಬಹಳ ಅಗ್ಗ: ಕೆಂಪು ಬಾವಿ ಬಿಡಿ, ಪಕ್ಕದ ಹಸಿರು ಬಾವಿಗೆ ಹೋಗಿ ನೀರು ತನ್ನಿ.

ಗೆಳೆಯರೆ, ಈ ಸಾಲನ್ನು ಓದಿ ನಾವು ನಕ್ಕೆವು. ಪಕ್ಕದ ಬಾವಿಗೆ ಹೋಗಿ!

ನಮ್ಮ ಊರಿಗೆ ನಾಳೆ ಸೀಸೆ ಬಂತು ಅನ್ನಿ. ಕೇರಿಯ ಬೋರಿಂಗು ಬೆಳಗಿತು, ಕೆಂಪು ಬಳಿದೆವು. ಗೌಡರ ಹಿತ್ತಲ ಬಾವಿ ಬೆಳಗಲಿಲ್ಲ, ಹಸಿರು ಬಳಿದೆವು. ಈಗ ಹೇಳಿ, ಈ ಎರಡು ಬಾವಿಗಳ ನಡುವೆ ಎಷ್ಟು ದೂರ? ಸರ್ವೆಯವನ ಸರಪಳಿಯಲ್ಲಿ ಇನ್ನೂರು ಹೆಜ್ಜೆ. ಆ ಇನ್ನೂರು ಹೆಜ್ಜೆ ನಡೆಯಲು ಮಹಾಡದಲ್ಲಿ ಎಷ್ಟು ತಲೆಗಳು ಒಡೆದವು? ಬ್ಯಾಕ್ಟೀರಿಯಾ ಹಸಿರು ಅಂದ ಬಾವಿಯನ್ನು ನಾವು ಮುಟ್ಟಿದ ಗಳಿಗೆಗೇ ಊರು ಅದನ್ನು ಕೆಂಪು ಮಾಡಿಬಿಡುತ್ತದೆ. ಹಳೆಯ ಪರೀಕ್ಷೆಯವರು ಹೊಸ ಪರೀಕ್ಷೆಯನ್ನು ಒಪ್ಪುತ್ತಾರೆಯೆ? ನಮ್ಮ ಕೇರಿಯ ಮುದುಕಿಯೊಬ್ಬಳಿಗೆ ಈ ಸೀಸೆಯ ವಿಷಯ ಹೇಳಿದಾಗ ಅವಳು ಅಂದದ್ದು: 'ತಮ್ಮಾ, ಆ ಹುಳಕ್ಕ ಗೌಡ್ರ ಬಾವಿ ನೀರು ಕುಡಸಾಕ ಯಾರ ಅಪ್ಪಣಿ ಬೇಕು?' ನಮ್ಮ ಹತ್ತಿರ ಉತ್ತರ ಇರಲಿಲ್ಲ. ಪರೀಕ್ಷೆಗೆ ನೀರು ತೆಗೆಯಬೇಕಾದರೂ ಮೊದಲು ಆ ಹಿತ್ತಲ ಬಾಗಿಲು ತೆರೆಯಬೇಕಲ್ಲ.

ಬೇರೆ ನೀರಿಲ್ಲದವರ ಪಾಡನ್ನು ಕಾನೂನೂ ಚೆನ್ನಾಗಿ ಬಲ್ಲದು. ಕುಡಿಯುವ ನೀರಿಗೆ ಭಾರತದ ಮಾನಕ ಎಂದು ಒಂದು ಪುಸ್ತಕ ಇದೆ. ಅದರ 2012ರ ಮುದ್ರಣದಲ್ಲಿ ಆರ್ಸೆನಿಕ್ಕಿಗೆ ಎರಡು ಅಂಕಿ ಇದ್ದವು. ಒಪ್ಪತಕ್ಕದ್ದು 10. ಬೇರೆ ನೀರಿನ ಮೂಲ ಇಲ್ಲದಿದ್ದರೆ 50ರ ತನಕ ನಡೆಯುತ್ತದೆ. ಬೇರೆ ಮೂಲ ಇಲ್ಲದವರ ಕರುಳು ಐದು ಪಟ್ಟು ಗಟ್ಟಿ ಎಂದು ಯಾವ ವೈದ್ಯ ಹೇಳಿದ್ದ? 2015ರಲ್ಲಿ ಆ ರಿಯಾಯಿತಿಯನ್ನು ತೆಗೆದರು. ಪುಸ್ತಕದಲ್ಲಿ ತೆಗೆದರು. ಬೇರೆ ಮೂಲ ಇಲ್ಲದವರು ಇನ್ನೂ ಇದ್ದಾರೆ.

ಇಷ್ಟೆಲ್ಲ ಹೇಳಿ, ಸೀಸೆ ಬೇಡ ಎನ್ನುತ್ತೇವೆಯೆ? ಖಂಡಿತ ಇಲ್ಲ. ನಮ್ಮ ಬೋರಿಂಗಿನಲ್ಲಿ ಪಾಷಾಣ ಇದೆ ಎಂದು ನಾವು ಹೇಳುತ್ತಿಲ್ಲ. ಇಲ್ಲ ಎಂದು ಹೇಳುವ ಧೈರ್ಯವೂ ನಮಗಿಲ್ಲ. ಈ ಎರಡರ ನಡುವೆ ಮೂರು ವರ್ಷದಿಂದ ಕುಡಿಯುತ್ತಿದ್ದೇವೆ. ಕೆಂಪು ಬಣ್ಣ ಬಳಿದ ಬೋರಿಂಗಿನ ಮುಂದೆ ನಿಂತು ಗೌಡರ ಹಿತ್ತಲ ಬಾಗಿಲು ಬಡಿಯುವುದಕ್ಕೂ, ಏನೂ ಗೊತ್ತಿಲ್ಲದೆ ಬಡಿಯುವುದಕ್ಕೂ ಬಹಳ ವ್ಯತ್ಯಾಸ ಇದೆ. ಅಂಕಿ ಕೈಯಲ್ಲಿದ್ದರೆ ಪಂಚಾಯ್ತಿಯಲ್ಲಿ ಟ್ಯಾಂಕರು ಕೇಳಬಹುದು, ಹೊಳೆಯ ಪೈಪು ಕೇಳಬಹುದು, ಕೋರ್ಟಿನಲ್ಲಿ ಲೆಕ್ಕ ಕೇಳಬಹುದು. ಅಂಕಿ ಇಲ್ಲದವನ ಕೂಗನ್ನು ಅರ್ಜಿ ಎಂದು ಫೈಲಿಗೆ ಹಾಕುತ್ತಾರೆ.

ಆದ್ದರಿಂದ ಇಂಥ ಪರೀಕ್ಷೆ ಬರುವುದಾದರೆ ಅದು ಯಾರ ಕೈಗೆ ಬರಬೇಕು ಎಂಬುದೇ ಮಾತು. 2019ರಲ್ಲಿ ಶುರುವಾದ ಜಲ ಜೀವನ ಯೋಜನೆಯಲ್ಲಿ ಊರಿಗೆ ಐದು ಜನ ಹೆಂಗಸರಿಗೆ ನೀರು ಪರೀಕ್ಷೆ ಕಲಿಸಬೇಕು ಎಂದು ಬರೆದಿದ್ದಾರೆ. ಒಳ್ಳೆಯ ಮಾತು. ಆ ಐದರಲ್ಲಿ ಕೇರಿಯವರು ಎಷ್ಟು, ತಾಂಡಾದವರು ಎಷ್ಟು ಎಂದು ನಿಮ್ಮ ನಿಮ್ಮ ಊರಲ್ಲಿ ಕೇಳಿ. ಹಳ್ಳಿಯ ಮೇಷ್ಟ್ರುಗಳೆ, ಈ ಪತ್ರಿಕೆ ಓದುವವರಲ್ಲಿ ನೀವೇ ಹೆಚ್ಚು. ನಿಮ್ಮ ವಿಜ್ಞಾನದ ಪಾಠದಲ್ಲಿ ಬ್ಯಾಕ್ಟೀರಿಯಾ ಬರುತ್ತದೆ, ಲೋಹ ಅಲೋಹ ಬರುತ್ತದೆ. ಆ ಎರಡು ಪಾಠಗಳ ನಡುವೆ ನಿಮ್ಮ ಶಾಲೆಯ ಬೋರಿಂಗು ನಿಂತಿದೆ. ಸೀಸೆ ಬರುವ ತನಕ ಕಾಯಬೇಕಿಲ್ಲ. ಮಾಹಿತಿ ಹಕ್ಕಿನ ಅರ್ಜಿಗೆ ಫೀಜು ಹತ್ತು ರೂಪಾಯಿ. ನಿಮ್ಮ ಊರಿನ ನೀರನ್ನು ಯಾವಾಗ ತೆಗೆದರು, ಏನೇನು ನೋಡಿದರು, ಮುಖ್ಯವಾಗಿ ಏನೇನು ನೋಡಲಿಲ್ಲ, ಎಷ್ಟು ಬಂತು, ಇದನ್ನು ಬರೆದು ಕೇಳಿ. ಬಂದ ಅಂಕಿಯನ್ನು ಬೋರಿಂಗಿನ ಕಟ್ಟೆಯ ಮೇಲೆ ಬಣ್ಣದಲ್ಲಿ ಬರೆಸಿ. ಬರದಿದ್ದರೆ 'ಬಂದಿಲ್ಲ' ಎಂದು ಬರೆಸಿ.

ನಾವು ನಮ್ಮ ಕೇರಿಯಲ್ಲಿ ಹಾಗೆ ಬರೆಸಿದೆವು. ಕಟ್ಟೆಗೆ ಸುಣ್ಣ ಹೊಡೆದು, ನೀರು ತೆಗೆದುಕೊಂಡು ಹೋದ ತಿಂಗಳು, ವರ್ಷ, ಕೆಳಗೆ 'ರಿಜಲ್ಟು' ಎಂದು ಬರೆದು ಮುಂದೆ ಜಾಗ ಬಿಟ್ಟಿದ್ದೇವೆ. ಬರೆದದ್ದು ಆ ಎಂಟನೆಯ ಕ್ಲಾಸಿನ ಹುಡುಗಿಯೇ, ಅವಳ ಅಕ್ಷರ ದುಂಡಗಿದೆ. ಎರಡು ದಿನಕ್ಕೆ ಗ್ರಾಮ ಪಂಚಾಯ್ತಿಯವರು ಬಂದು, ಸರಕಾರಿ ಆಸ್ತಿ ಮೇಲೆ ಬರೆಯಬಾರದು, ಅಳಿಸಿ ಅಂದರು. ಹುಡುಗಿ ಕೊಡ ಕೆಳಗಿಟ್ಟು, 'ಅಳಸ್ತೀನ್ರಿ. ರಿಜಲ್ಟ್ ತಂದೀರೇನ್ರಿ?' ಅಂದಳು. ಅವರು ಹೋದರು. ಅಕ್ಷರ ಹಾಗೇ ಇದೆ. ಮಳೆಗೆ ಸ್ವಲ್ಪ ಮಾಸಿದೆ, ದೀಪಾವಳಿಗೆ ಮತ್ತೆ ತೀಡಬೇಕು.

ಬೆಳಗುವ ಬ್ಯಾಕ್ಟೀರಿಯಾದ ವಿಷಯವನ್ನು ಅವಳಿಗೂ ಹೇಳಿದೆವು. ಎಲ್ಲ ಕೇಳಿಸಿಕೊಂಡು ಅವಳು ಕೇಳಿದ್ದು ಒಂದೇ: 'ನಮ್ಮ ನೀರು ಕುಡದು ಅದು ಸತ್ತರ ಏನ್ ಮಾಡ್ತೀರಿ?'